ಎಳೆ ಕಾಯುವ ಕೆಲಸ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಸದ್ದಿಲ್ಲ ಎಂದರೆ ಕರೆಂಟು ಹೋಗಿದೆ ಎಂದೇ ಅರ್ಥ. ಉಳಿದ ಹೊತ್ತಿನಲ್ಲೆಲ್ಲ ಮನೆಮನೆಯ ಶೆಡ್ಡಿನಿಂದ ಮಗ್ಗದ ಸದ್ದು. ಹೊರಗಿನಿಂದ ಬಂದ ನೆಂಟರು ಮೊದಲ ರಾತ್ರಿ ನಿದ್ದೆಯಿಲ್ಲದೆ ಹೊರಳಾಡುತ್ತಿದ್ದರು. ನಮಗೋ, ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ತಾತನ ಶೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿದ್ದವು. ಬೇಸಿಗೆ ರಜೆಯಲ್ಲಿ ಅವುಗಳ ನಡುವಿನ ಸಂದಿಯಲ್ಲಿ ಒಂದು ಸ್ಟೂಲು ಹಾಕಿ ನನ್ನನ್ನು ಕೂರಿಸುತ್ತಿದ್ದರು. ಕೆಲಸ ಇಷ್ಟೇ: ನೋಡುತ್ತಿರುವುದು. ಅಡ್ಡನೂಲನ್ನು ಅತ್ತಿಂದಿತ್ತ ಒಯ್ಯುವ ಲಾಳಿಯೊಳಗಿನ ಕಂಡಿಕೆಯ, ಅಂದರೆ ನೂಲು ಸುತ್ತಿದ ಕೊಳವೆಯ, ನೂಲು ಮುಗಿದರೆ ಹೇಗೋ ಗೊತ್ತಾಗುತ್ತಿತ್ತು. ಆದರೆ ಉದ್ದಕ್ಕೆ ಬಿಗಿದ ಹಾಸಿನ ಸಾವಿರಾರು ಎಳೆಗಳಲ್ಲಿ ಒಂದು ತುಂಡಾದರೆ ಮಗ್ಗಕ್ಕೆ ಅದರ ಪರಿವೆಯೇ ಇರುತ್ತಿರಲಿಲ್ಲ. ಅದು ತನ್ನ ಪಾಡಿಗೆ ನೇಯುತ್ತಲೇ ಹೋಗುತ್ತಿತ್ತು. ನಾನು ಕಂಡು "ತಾತ, ಎಳೆ!" ಎಂದು ಕೂಗಬೇಕಿತ್ತು.

ಒಂದು ಮಧ್ಯಾಹ್ನ ಕಥೆಪುಸ್ತಕ ಓದುತ್ತಾ ಮೈಮರೆತೆ. ತಾತ ಬಂದು ನೋಡುವಷ್ಟರಲ್ಲಿ ಒಂದು ಮೊಳದುದ್ದ ಸೀರೆಯಲ್ಲಿ ಗೆರೆ ಬಿದ್ದಿತ್ತು. ಅವರು ಬೈಯಲಿಲ್ಲ. ಮಗ್ಗ ನಿಲ್ಲಿಸಿ, ಆ ಗೆರೆಯ ಮೇಲೆ ಬೆರಳಾಡಿಸಿ, "ಮಗ್ಗವನ್ನು ದೂರಿ ಏನು ಪ್ರಯೋಜನ, ಅದಕ್ಕೆ ಕಣ್ಣಿಲ್ಲ" ಎಂದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಮಗ್ಗಕ್ಕೆ ಕಣ್ಣು ಕೊಟ್ಟವನೊಬ್ಬ ಜಪಾನಿನಲ್ಲಿದ್ದ, ಅವನ ಮಗ ಮುಂದೆ ಕಾರು ಮಾಡಿದ, ಆ ಮನೆತನದ ಕಾರೊಂದನ್ನು ನನ್ನ ಸೋದರಮಾವ ಹತ್ತು ವರ್ಷ ಬಾಡಿಗೆಗೆ ಓಡಿಸಿ ಮಕ್ಕಳನ್ನು ಓದಿಸಿದರು ಎಂಬ ಸಂಬಂಧ ನನಗೆ ಹೊಳೆದದ್ದು ಬಹಳ ತಡವಾಗಿ. ಟೊಯೊಟಾ ಬಗ್ಗೆ ಬರೆಯಹೊರಟವರು ಸಾಮಾನ್ಯವಾಗಿ ಕಾರಿನಿಂದ ಶುರುಮಾಡುತ್ತಾರೆ. ನಾನು ನೇಕಾರರ ಮನೆಯವಳು. ಮಗ್ಗದಿಂದಲೇ ಶುರುಮಾಡುತ್ತೇನೆ.

ಸಕಿಚಿ ಟೊಯೊಡಾ ಹುಟ್ಟಿದ್ದು 1867ರಲ್ಲಿ, ಈಗ ಶಿಜುವೊಕಾ ಪ್ರಾಂತದ ಕೊಸಾಯಿ ನಗರಕ್ಕೆ ಸೇರಿರುವ ಒಂದು ಹಳ್ಳಿಯಲ್ಲಿ. ತಂದೆ ಬಡಗಿ. ಸುತ್ತಲಿನ ಮನೆಗಳಲ್ಲಿ ಹೆಂಗಸರು ಕೈಮಗ್ಗದಲ್ಲಿ ಹತ್ತಿಬಟ್ಟೆ ನೇಯುತ್ತಿದ್ದರು; ಅವನ ತಾಯಿಯೂ ರಾತ್ರಿಯವರೆಗೆ ಮಗ್ಗದ ಮುಂದಿರುತ್ತಿದ್ದಳೆಂದು ಹೇಳುತ್ತಾರೆ. 1885ರಲ್ಲಿ ಜಪಾನ್ ಸರ್ಕಾರ ಪೇಟೆಂಟ್ ಕಾನೂನು ತಂದಾಗ ಹದಿನೆಂಟರ ಈ ಹುಡುಗನಿಗೆ ತಾನೂ ಏನಾದರೂ ಹೊಸದನ್ನು ಮಾಡಬೇಕೆಂಬ ಹುಚ್ಚು ಹಿಡಿಯಿತು. ಮಗ್ಗವನ್ನು ಬಿಚ್ಚುವುದು, ಜೋಡಿಸುವುದು, ಮತ್ತೆ ಬಿಚ್ಚುವುದು. ಬಡಗಿಯ ಮಗ ಬಡಗಿ ಕೆಲಸ ಮಾಡದೆ ಹೀಗೆ ಕೂತರೆ ಯಾವ ಊರಿನಲ್ಲಿ ತಾನೇ ಮೆಚ್ಚುತ್ತಾರೆ? 1890ರಲ್ಲಿ ಟೋಕಿಯೋದ ಉಯೆನೊದಲ್ಲಿ ನಡೆದ ಕೈಗಾರಿಕಾ ವಸ್ತುಪ್ರದರ್ಶನಕ್ಕೆ ಹೋಗಿ ದಿನವೂ ಯಂತ್ರಗಳ ಮುಂದೆ ನಿಂತುಬಿಡುತ್ತಿದ್ದ. ಮರುವರ್ಷ ಒಂದು ಮರದ ಕೈಮಗ್ಗಕ್ಕೆ ಅವನಿಗೆ ಮೊದಲ ಪೇಟೆಂಟ್ ಸಿಕ್ಕಿತು. 1896ರಲ್ಲಿ ಮರ ಮತ್ತು ಉಕ್ಕು ಸೇರಿಸಿ ಮಾಡಿದ ವಿದ್ಯುತ್ ಮಗ್ಗ ತಯಾರಾಯಿತು. ಅಡ್ಡಕ್ಕೆ ಹಾಯುವ ಹೊಕ್ಕಿನ ನೂಲು ತುಂಡಾದರೆ ಅದು ತಾನಾಗಿ ನಿಲ್ಲುತ್ತಿತ್ತು.

(ಅವನಿಗೆ "ವಿದ್ಯುತ್" ಇರಲಿಲ್ಲ, ಉಗಿಯಂತ್ರವಿತ್ತು. ನಮ್ಮೂರಿನ ಅಭ್ಯಾಸದಲ್ಲಿ ಕೈಮಗ್ಗ ಅಲ್ಲದ್ದೆಲ್ಲ ವಿದ್ಯುತ್ ಮಗ್ಗ.)

ಅವನ ಕೆಲಸ ತುದಿ ಮುಟ್ಟಿದ್ದು 1924ರಲ್ಲಿ, ಮಗ ಕಿಯಿಚಿರೊ ಜೊತೆ ಸೇರಿ ರೂಪಿಸಿದ ಜಿ ಮಾದರಿಯ ಸ್ವಯಂಚಾಲಿತ ಮಗ್ಗದಲ್ಲಿ. ಕಂಡಿಕೆ ಖಾಲಿಯಾಗುವ ಹೊತ್ತಿಗೆ, ಓಡುತ್ತಿರುವಾಗಲೇ, ಹಳೆಯ ಲಾಳಿ ಹೊರಬಿದ್ದು ಹೊಸ ಲಾಳಿ ಅದರ ಜಾಗಕ್ಕೆ ಬರುತ್ತಿತ್ತು. ಅದು ಜಗತ್ತಿನ ಕಣ್ಣು ಕುಕ್ಕಿದ ಭಾಗ. ನನ್ನ ಕಣ್ಣು ನೆಟ್ಟದ್ದು ಇನ್ನೊಂದರ ಮೇಲೆ. ಹಾಸಿನ ಪ್ರತಿಯೊಂದು ಎಳೆಗೂ ಒಂದೊಂದು ತೆಳು ಲೋಹದ ಪಟ್ಟಿ ತೂಗುಬಿಟ್ಟಿರುತ್ತದೆ. ಎಳೆ ಬಿಗಿಯಾಗಿರುವ ತನಕ ಪಟ್ಟಿ ಮೇಲಿರುತ್ತದೆ. ತುಂಡಾಯಿತೋ, ಪಟ್ಟಿ ಜಾರಿ ಕೆಳಗೆ ಬೀಳುತ್ತದೆ. ಬಿದ್ದದ್ದು ಯಂತ್ರದ ಓಡಾಟಕ್ಕೆ ಅಡ್ಡ ಬಂದು ಮಗ್ಗ ನಿಂತುಬಿಡುತ್ತದೆ. ಅಷ್ಟೇ. ಚಿಟಿಕೆಯಷ್ಟು ಲೋಹ ಮತ್ತು ಭೂಮಿಯ ಸೆಳೆತ. ಇಷ್ಟರಿಂದ ಒಬ್ಬ ಕೆಲಸಗಾರ್ತಿ ಮೂವತ್ತು ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು. ಓಡುವ ಮಗ್ಗವನ್ನು ಯಾರೂ ಕಾಯಬೇಕಿಲ್ಲ, ನಿಂತದ್ದರ ಬಳಿ ಹೋದರೆ ಸಾಕು. ಇದರ ವಿವರವನ್ನು ಮೊದಲ ಸಲ ಓದಿದಾಗ ನನಗೆ ಬಂದದ್ದು ಮೆಚ್ಚುಗೆಯಲ್ಲ, ಸಿಟ್ಟು. ನಾನು ಸ್ಟೂಲಿನ ಮೇಲೆ ಕೂತಿದ್ದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಆ ಲೋಹದ ಪಟ್ಟಿ ಹುಟ್ಟಿ ಆಗಲೇ ಅರವತ್ತು ವರ್ಷ ಕಳೆದಿತ್ತು.

ಈ ತತ್ವಕ್ಕೆ ಜಪಾನಿಯಲ್ಲಿ "ಜಿದೋಕಾ" ಎನ್ನುತ್ತಾರೆ. ಸ್ವಯಂಚಾಲನೆ ಎಂಬ ಮಾಮೂಲಿ ಪದವೇ ಅದು. ಆದರೆ ಟೊಯೊಟಾದವರು ಬರೆಯುವಾಗ ನಡುವಿನ "ಚಲನೆ" ಎಂಬ ಚಿತ್ರಾಕ್ಷರದ ಪಕ್ಕಕ್ಕೆ "ಮನುಷ್ಯ" ಎಂಬ ಸಣ್ಣ ಗುರುತನ್ನು ಸೇರಿಸುತ್ತಾರೆ. ಉಚ್ಚಾರಣೆ ಅದೇ, ಅಕ್ಷರ ಬೇರೆ: ಬರಿಯ ಚಲನೆ "ದುಡಿಮೆ"ಯಾಗುತ್ತದೆ. ಓಡುವುದು ಯಂತ್ರದ ಕೆಲಸ. ತಪ್ಪಾಯಿತೆಂದು ಅರಿತು ನಿಲ್ಲುವುದು ಮನುಷ್ಯನ ಬುದ್ಧಿ, ಅದನ್ನು ಯಂತ್ರಕ್ಕೆ ಕೊಡಬೇಕು ಎಂಬುದು ಆ ಗುರುತಿನ ಹಿಂದಿನ ಮಾತು. ಒಂದು ಕಂಪನಿಯ ಹೆಸರೆಲ್ಲ ಆ ಪುಟ್ಟ ಗುರುತಿನ ಮೇಲೆ ನಿಂತಿದೆ ಎಂದು ನನಗೆ ಅನ್ನಿಸಿದೆ. ಅದು ಕುಸಿದಾಗಲೆಲ್ಲ ಆ ಗುರುತು ಅಳಿಸಿಹೋದ ಜಾಗದಲ್ಲೇ ಕುಸಿದಿದೆ.

1929ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಓಲ್ಡಮ್‌ನ ಪ್ಲಾಟ್ ಬ್ರದರ್ಸ್ ಕಂಪನಿ ಈ ಮಗ್ಗದ ಹಕ್ಕನ್ನು ಒಂದು ಲಕ್ಷ ಪೌಂಡಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಜಗತ್ತಿಗೆಲ್ಲ ಜವಳಿ ಯಂತ್ರ ಮಾರುತ್ತಿದ್ದ ಲ್ಯಾಂಕಶೈರ್, ಬಡಗಿಯ ಮಗನ ಮುಂದೆ ಕೈಚೀಲ ಬಿಚ್ಚಿತು. ಆ ಹಣದಿಂದಲೇ ಟೊಯೊಟಾ ಕಾರು ಹುಟ್ಟಿತು ಎಂಬ ಕತೆ ಎಲ್ಲೆಡೆ ಓಡಾಡುತ್ತದೆ. ಇತಿಹಾಸಕಾರರು ಅದನ್ನು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಪ್ಲಾಟ್ ಕಂಪನಿ ಮುಂದೆ ಚೌಕಾಸಿ ಮಾಡಿ ಮೊತ್ತವನ್ನು ಇಳಿಸಿಕೊಂಡಿತು ಕೂಡ. ಸಕಿಚಿ 1930ರ ಅಕ್ಟೋಬರ್‌ನಲ್ಲಿ ತೀರಿಕೊಂಡ. ಕಾರು ಮಾಡುವ ಹುಚ್ಚು ಈಗ ಮಗನದು.

ಕಿಯಿಚಿರೊ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು. 1933ರಲ್ಲಿ ಮಗ್ಗದ ಕಂಪನಿಯೊಳಗೇ ಒಂದು ಮೋಟಾರು ವಿಭಾಗ ತೆರೆದ. ಷೆವರ್ಲೆ ಕಾರೊಂದನ್ನು ತರಿಸಿ ಬಿಚ್ಚಿಹಾಕಿದರು. ಎಂಜಿನ್ನಿನ ಬ್ಲಾಕನ್ನು ಎರಕ ಹೊಯ್ಯಲು ಹೋಗಿ ಒಂದರ ಮೇಲೊಂದು ಗುಜರಿಗೆ ಹೋದವು. ಮಗ್ಗದ ಬಿಡಿಭಾಗ ಎರಕ ಹೊಯ್ದ ಕೈಗಳಿಗೆ ಅದು ಹೊಸ ವಿದ್ಯೆ. 1935ರಲ್ಲಿ ಜಿ1 ಎಂಬ ಲಾರಿ ಹೊರಬಂತು. ಟೋಕಿಯೋದಲ್ಲಿ ಅದರ ಪ್ರದರ್ಶನಕ್ಕೆಂದು ಹೊರಟ ಲಾರಿಯೇ ದಾರಿಯಲ್ಲಿ ಕೆಟ್ಟು ನಿಂತಿತು. ಕೊಂಡವರ ಲಾರಿಗಳೂ ಕೆಡುತ್ತಿದ್ದವು. ಇವತ್ತು ಕಣ್ಣು ಮುಚ್ಚಿ ಕೊಳ್ಳಬಹುದು ಎಂದು ಹೆಸರಾದ ಕಂಪನಿಯ ಮೊದಲ ಗಾಡಿಯ ಹಣೆಬರಹ ಇದು. ಜನರಲ್ ಮೋಟಾರ್ಸ್‌ನ ಜಪಾನ್ ಶಾಖೆ ಬಿಟ್ಟು ಇವರ ಜೊತೆ ಬಂದಿದ್ದ ಶೊತಾರೊ ಕಮಿಯಾ ಎಂಬಾತ ಮಾರಾಟ ನೋಡಿಕೊಳ್ಳುತ್ತಿದ್ದ. ಗಾಡಿ ಎಲ್ಲಿ ಕೆಟ್ಟಿತೋ ಅಲ್ಲಿಗೇ ಹೋಗಿ ದುಡ್ಡಿಲ್ಲದೆ ಸರಿಮಾಡಿಕೊಡುವುದು, ಮುರಿದದ್ದನ್ನು ಕಾರ್ಖಾನೆಗೆ ತಂದು ಏಕೆ ಮುರಿಯಿತೆಂದು ನೋಡುವುದು, ಇದೇ ಅವರ ಆಗಿನ ವ್ಯಾಪಾರ.

ಹೆಸರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಟೊಯೊಡಾ ಎಂದರೆ ಸಮೃದ್ಧ ಗದ್ದೆ. 1936ರಲ್ಲಿ ಲಾಂಛನಕ್ಕೆ ಸ್ಪರ್ಧೆ ಇಟ್ಟಾಗ ಸುಮಾರು 27,000 ನಮೂನೆಗಳು ಬಂದವಂತೆ. ಗೆದ್ದದ್ದು "ಟೊಯೊಟಾ". ಜಪಾನಿ ಲಿಪಿಯಲ್ಲಿ ಬರೆದರೆ ಎಂಟೇ ಗೀಟು, ಎಂಟು ಅವರಿಗೆ ಶುಭ. ನಮ್ಮಲ್ಲಿ ಸಂಖ್ಯಾಶಾಸ್ತ್ರ ನೋಡಿ ಹೆಸರಿಗೆ ಒಂದು ಅಕ್ಷರ ಹೆಚ್ಚು ಸೇರಿಸಿಕೊಂಡವರನ್ನು ಕಂಡು ನಗುವ ಎಂಜಿನಿಯರುಗಳು ಇದನ್ನು ನೆನಪಿಟ್ಟುಕೊಳ್ಳಬೇಕು.

1937ರ ಆಗಸ್ಟ್‌ನಲ್ಲಿ ಕಂಪನಿ ಬೇರೆಯಾಗಿ ನಿಂತಿತು. ಮರುವರ್ಷ ಕೊರೊಮೊ ಎಂಬ ಊರಿನಲ್ಲಿ ಕಾರ್ಖಾನೆ. ಆ ಊರೇ 1959ರಲ್ಲಿ ತನ್ನ ಹಳೆಯ ಹೆಸರು ಬಿಟ್ಟು ಟೊಯೊಟಾ ನಗರವಾಯಿತು. ಯುದ್ಧದ ಕಾಲದಲ್ಲಿ ಸೇನೆಗೆ ಲಾರಿ ಮಾಡಿದರು. 1945ರ ಆಗಸ್ಟ್ 14ರಂದು, ಜಪಾನ್ ಶರಣಾಗತಿ ಪ್ರಕಟಿಸುವ ಹಿಂದಿನ ದಿನ, ಕಾರ್ಖಾನೆಯ ಮೇಲೆ ಬಾಂಬು ಬಿತ್ತು.

ಈ ಕಂಪನಿಯ ಚರಿತ್ರೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು 1950ರಲ್ಲಿ. ಅಮೆರಿಕದ ಸಲಹೆಯಂತೆ ಸರ್ಕಾರ ಹಣದ ಬಿಗಿ ಮಾಡಿದಾಗ ಲಾರಿ ಕೊಳ್ಳುವವರಿಲ್ಲದೆ, ಕೊಂಡವರಿಂದ ಕಂತು ಬಾರದೆ, ಟೊಯೊಟಾ ಮುಳುಗುವ ಹಂತಕ್ಕೆ ಬಂತು. ಬ್ಯಾಂಕ್ ಆಫ್ ಜಪಾನ್‌ನ ನಗೋಯಾ ಶಾಖೆ ನಡುವೆ ನಿಂತು ಬ್ಯಾಂಕುಗಳ ಕೂಟದಿಂದ ಸಾಲ ಕೊಡಿಸಿತು; ಸಾಲದ ಜೊತೆ ಷರತ್ತುಗಳೂ ಬಂದವು. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದು ಕಿಯಿಚಿರೊ ಕಾರ್ಮಿಕ ಸಂಘಕ್ಕೆ ಮಾತು ಕೊಟ್ಟಿದ್ದ. ಏಪ್ರಿಲ್‌ನಲ್ಲಿ ಮುಷ್ಕರ ಶುರುವಾಗಿ ಜೂನ್‌ವರೆಗೆ ನಡೆಯಿತು. ಕೊನೆಗೆ ಸಾವಿರಾರು ಜನ ಹೊರಹೋದರು. ಕೊಟ್ಟ ಮಾತು ಉಳಿಸಿಕೊಳ್ಳಲಾಗದ ಕಿಯಿಚಿರೊ ತಾನೂ ಅಧ್ಯಕ್ಷ ಪದವಿ ಬಿಟ್ಟು ಹೊರಟ. ಅವನ ಜಾಗಕ್ಕೆ ಬಂದವನು ತೈಜೊ ಇಶಿದಾ, ಮಗ್ಗದ ಕಂಪನಿಯ ಯಜಮಾನ. ಅದೇ ಜೂನ್ ಕೊನೆಯಲ್ಲಿ ಕೊರಿಯಾ ಯುದ್ಧ ಶುರುವಾಯಿತು. ಅಮೆರಿಕದ ಸೇನೆ ಲಾರಿಗಳಿಗೆ ಬೇಡಿಕೆ ಇಟ್ಟಿತು. ಕಂಪನಿ ಬದುಕಿತು. ಕೆಲವೇ ವಾರ ಮೊದಲು ಆ ಯುದ್ಧ ಬಂದಿದ್ದರೆ ಎಷ್ಟು ಮನೆಗಳ ಒಲೆ ಆರದೆ ಉಳಿಯುತ್ತಿತ್ತೋ. ಪಕ್ಕದ ನಾಡಿನ ಹೆಣಗಳ ಮೇಲೆ ಬಂದ ಅದೃಷ್ಟವನ್ನು ಅದೃಷ್ಟ ಎನ್ನಲು ನಾಲಿಗೆ ಹೊರಳುವುದಿಲ್ಲ, ಬೇರೆ ಪದವೂ ಸಿಗುವುದಿಲ್ಲ. ಕಿಯಿಚಿರೊ 1952ರ ಮಾರ್ಚ್‌ನಲ್ಲಿ, 57ನೆಯ ವಯಸ್ಸಿನಲ್ಲಿ ಸತ್ತ. ತನ್ನ ಹೆಸರಿನ ಕಾರು ದೇಶದ ಮನೆಮಾತಾದದ್ದನ್ನು ನೋಡಲಿಲ್ಲ.

ಮಗ್ಗದ ಬುದ್ಧಿಯನ್ನು ಕಾರಿಗೆ ದಾಟಿಸಿದವನು ತೈಚಿ ಓನೊ. ಅವನೂ ನೂಲಿನವನೇ: 1932ರಲ್ಲಿ ಟೊಯೊಡಾದ ನೂಲುವ ಗಿರಣಿಗೆ ಸೇರಿ, 1943ರಲ್ಲಿ ಕಾರಿನ ಕಡೆಗೆ ಬಂದವನು. ಗಿರಣಿಯಲ್ಲಿ ಒಬ್ಬ ಹೆಂಗಸು ಹತ್ತಾರು ಯಂತ್ರ ನೋಡಿಕೊಳ್ಳುತ್ತಾಳೆ, ಇಲ್ಲಿ ಒಬ್ಬ ಗಂಡಸು ಒಂದೇ ಯಂತ್ರದ ಮುಂದೆ ನಿಂತಿದ್ದಾನಲ್ಲ ಎಂಬುದು ಅವನ ಮೊದಲ ತಕರಾರು. ಬೇಕಾದದ್ದು ಬೇಕಾದಾಗ ಬೇಕಾದಷ್ಟೇ ಬರಲಿ ಎಂಬ ಕಿಯಿಚಿರೊನ ಹಳೆಯ ಆಸೆಗೆ ಓನೊ ಚೀಟಿಯ ಪದ್ಧತಿ ತಂದ. ಅದೇ ಜಗತ್ತಿನ ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಈಗ ಉರುಹೊಡೆಸುವ "ಕಾನ್‌ಬಾನ್". ಅದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ದಾಟಿ ಹೋಗುತ್ತೇನೆ. ನನಗೆ ಮುಖ್ಯವಾದದ್ದು ಹಗ್ಗ. ಕಾರು ಜೋಡಿಸುವ ಸಾಲಿನ ಉದ್ದಕ್ಕೂ ತಲೆಯ ಮೇಲೆ ಒಂದು ಹಗ್ಗ. ಯಾವ ಕೆಲಸಗಾರನಿಗಾದರೂ ತಪ್ಪು ಕಂಡರೆ ಎಳೆಯಬೇಕು. ಎಳೆದೊಡನೆ ದೀಪ ಹೊತ್ತಿ ಮೇಲ್ವಿಚಾರಕ ಓಡಿ ಬರುತ್ತಾನೆ. ಅಷ್ಟರೊಳಗೆ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಹಾಸಿನ ಎಳೆಯಿಂದ ಕೆಳಗೆ ಬೀಳುತ್ತಿದ್ದ ಲೋಹದ ಪಟ್ಟಿಯೇ ಇಲ್ಲಿ ಮನುಷ್ಯನ ಕೈಗೆ ಬಂದಿದೆ.

ಹಗ್ಗ ಕಟ್ಟುವುದು ಸುಲಭ. ಎಳೆದವನಿಗೆ "ಭೇಷ್" ಎನ್ನುವುದು ಕಷ್ಟ. 1984ರಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ ಮುಚ್ಚಿದ್ದ ಕಾರ್ಖಾನೆಯನ್ನು ಎರಡೂ ಕಂಪನಿ ಸೇರಿ ಮತ್ತೆ ತೆರೆದವು. ಕುಡಿತ, ಗೈರುಹಾಜರಿ, ಜಗಳಗಳಿಗೆ ಹೆಸರಾಗಿದ್ದ ಹಳೆಯ ಕೆಲಸಗಾರರನ್ನೇ ಬಹುಪಾಲು ವಾಪಸು ಕರೆದುಕೊಂಡರು. ಏನಾದರೂ ಆಗಲಿ, ಸಾಲು ನಿಲ್ಲಬಾರದು ಎಂಬ ನಿಯಮದಲ್ಲಿ ಬದುಕಿದ್ದವರು ಅವರು. ಅವರನ್ನು ಜಪಾನಿಗೆ ಕಳಿಸಿ ಹಗ್ಗ ಎಳೆಯುವುದನ್ನು ಕಲಿಸಿದರು. ಅದೇ ಜನ, ಅದೇ ಸೂರಿನಡಿಯಲ್ಲಿ, ಸ್ವಲ್ಪ ಕಾಲದಲ್ಲೇ ಅಮೆರಿಕದ ಒಳ್ಳೆಯ ಕಾರುಗಳಲ್ಲಿ ಒಂದನ್ನು ಮಾಡಿದರು. ಆ ಜಾಗದಲ್ಲಿ ಈಗ ಟೆಸ್ಲಾ ಕಾರು ತಯಾರಾಗುತ್ತದೆ.

ಅಮೆರಿಕದಲ್ಲೂ ಟೊಯೊಟಾಗೆ ಕೆಂಪು ಹಾಸು ಹಾಸಿರಲಿಲ್ಲ. 1957ರಲ್ಲಿ ಹಡಗು ಹತ್ತಿಸಿ ಕಳಿಸಿದ ಟೊಯೊಪೆಟ್ ಕ್ರೌನ್ ಅಲ್ಲಿನ ಹೆದ್ದಾರಿಯ ವೇಗಕ್ಕೆ ಏದುಸಿರು ಬಿಟ್ಟಿತು, ಎಂಜಿನ್ ಕಾದು ಕುದಿಯಿತು. ಕೆಲವು ವರ್ಷದಲ್ಲಿ ವಾಪಸು ತೆಗೆದುಕೊಂಡರು. 1966ರ ಕರೋಲಾ ಬಂದ ಮೇಲೆ ಕತೆ ಬದಲಾಯಿತು. ಆ ಹೆಸರಿನ ಕಾರುಗಳು ಈವರೆಗೆ ಐದು ಕೋಟಿಗೂ ಹೆಚ್ಚು ಮಾರಾಟವಾಗಿವೆ. 1989ರಲ್ಲಿ ಸಿರಿವಂತರಿಗೆಂದು ಲೆಕ್ಸಸ್ ತಂದರು. ತಂದ ಕೆಲವೇ ತಿಂಗಳಲ್ಲಿ ಬ್ರೇಕ್ ದೀಪ ಮತ್ತು ವೇಗ ನಿಯಂತ್ರಕದ ಬಗ್ಗೆ ಎರಡೋ ಮೂರೋ ದೂರು ಬಂದವು. ಮಾರಿದ್ದ ಸುಮಾರು 8,000 ಕಾರುಗಳನ್ನೂ ಹಿಂದಕ್ಕೆ ಕರೆಸಿದರು. ಕರೆಸಿದರು ಎಂದರೆ ತಪ್ಪಾಗುತ್ತದೆ. ಮನೆಬಾಗಿಲಿಗೆ ಹೋಗಿ ಕಾರು ತಂದು, ಸರಿಮಾಡಿ, ತೊಳೆದು ಕೊಟ್ಟುಬಂದರು. ಹೊಸ ಹೆಸರು ಮಣ್ಣುಪಾಲಾಗಬೇಕಿದ್ದ ಹೊತ್ತಿನಲ್ಲಿ ಅದೇ ಹೆಸರು ಕಟ್ಟಿತು. ಎಳೆ ತುಂಡಾಯಿತು, ಮಗ್ಗ ನಿಂತಿತು, ಗಂಟು ಹಾಕಿದರು.

ಇಪ್ಪತ್ತು ವರ್ಷದ ಮೇಲೆ ಅದೇ ಅಮೆರಿಕದಲ್ಲಿ, ಅದೇ ಲೆಕ್ಸಸ್ ಹೆಸರಿನ ಒಂದು ಕಾರಿನಲ್ಲಿ, ಮಗ್ಗ ನಿಲ್ಲಲಿಲ್ಲ. 2009ರ ಆಗಸ್ಟ್‌ನಲ್ಲಿ ಸ್ಯಾನ್ ಡಿಯೇಗೊ ಬಳಿ ಆಕ್ಸಿಲರೇಟರ್ ಪೆಡಲ್ ಕಾಲಡಿಯ ಮ್ಯಾಟಿಗೆ ಸಿಕ್ಕಿಕೊಂಡು ಕಾರು ಅಂಕೆ ಮೀರಿ ಓಡಿ ನಾಲ್ವರು ಸತ್ತರು. ಆಮೇಲೆ ಲಕ್ಷಗಟ್ಟಲೆ ಕಾರುಗಳನ್ನು ಮ್ಯಾಟಿಗಾಗಿ, ಇನ್ನೂ ಲಕ್ಷಗಟ್ಟಲೆಯನ್ನು ಅಂಟಿಕೊಳ್ಳುವ ಪೆಡಲಿಗಾಗಿ ಹಿಂದಕ್ಕೆ ಕರೆಯಬೇಕಾಯಿತು. 2010ರ ಜನವರಿಯಲ್ಲಿ ಎಂಟು ಮಾದರಿಗಳ ಮಾರಾಟವನ್ನೇ ಅಲ್ಲಿ ನಿಲ್ಲಿಸಿದರು. ಫೆಬ್ರವರಿಯಲ್ಲಿ ಕಿಯಿಚಿರೊನ ಮೊಮ್ಮಗ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ ಸಮಿತಿಯ ಮುಂದೆ ಕೂತು, ಕಂಪನಿ ಬೆಳೆದ ವೇಗ ಹೆಚ್ಚಾಯಿತು ಎಂದು ಒಪ್ಪಿಕೊಂಡ. 2008ರಲ್ಲಷ್ಟೇ ಅವರು ಜನರಲ್ ಮೋಟಾರ್ಸನ್ನು ಹಿಂದೆ ಹಾಕಿ ಜಗತ್ತಿನ ಅತಿ ದೊಡ್ಡ ಕಾರು ಕಂಪನಿಯಾಗಿದ್ದರು. ನ್ಯಾಯವಾಗಿ ಇದನ್ನೂ ಹೇಳಬೇಕು: ಎಲೆಕ್ಟ್ರಾನಿಕ್ ದೋಷದಿಂದ ಕಾರುಗಳು ತಾವಾಗಿ ಓಡುತ್ತವೆ ಎಂಬ ದೊಡ್ಡ ಆರೋಪಕ್ಕೆ ನಾಸಾದ ಎಂಜಿನಿಯರುಗಳು ಹತ್ತು ತಿಂಗಳು ಹುಡುಕಿದರೂ ಆಧಾರ ಸಿಗಲಿಲ್ಲ. ಆದರೆ 2014ರಲ್ಲಿ, ಮ್ಯಾಟು ಮತ್ತು ಪೆಡಲಿನ ಬಗ್ಗೆ ತನಗೆ ಗೊತ್ತಿದ್ದದ್ದನ್ನು ಮುಚ್ಚಿಟ್ಟು ಗ್ರಾಹಕರ ದಾರಿ ತಪ್ಪಿಸಿದ್ದಕ್ಕೆ ಕಂಪನಿ 120 ಕೋಟಿ ಡಾಲರ್ ದಂಡ ತೆತ್ತಿತು. ಪೆಡಲು ಸಿಕ್ಕಿಕೊಂಡದ್ದನ್ನು ನಾನು ಕ್ಷಮಿಸಬಲ್ಲೆ. ಲೋಹದ ಪಟ್ಟಿ ಕೆಳಗೆ ಬಿದ್ದದ್ದನ್ನು ಕಂಡೂ ಯಾರೋ ಅದನ್ನು ಕೈಯಿಂದ ಎತ್ತಿ ಹಿಡಿದಿದ್ದರಲ್ಲ, ಅದು ಬೇರೆ ಜಾತಿಯ ತಪ್ಪು.

ಇನ್ನೊಂದು ಸಾವು ಇದೆ. ಅದನ್ನು ಈ ಕಂಪನಿಯ ಹೊಗಳಿಕೆಗಳಲ್ಲಿ ಕಾಣುವುದು ಕಡಿಮೆ. 2002ರ ಫೆಬ್ರವರಿಯ ಒಂದು ನಸುಕು, ಟೊಯೊಟಾ ನಗರದ ಕಾರ್ಖಾನೆಯೊಂದರಲ್ಲಿ ರಾತ್ರಿಪಾಳಿಯಲ್ಲಿದ್ದ 30 ವರ್ಷದ ಕೆಲಸಗಾರ ಕುಸಿದು ಬಿದ್ದು ಸತ್ತ. ಅವನ ಕೆಲಸ ಗುಣಮಟ್ಟದ ತಪಾಸಣೆ. ಎಳೆ ಕಾಯುವವನು ಎನ್ನಿ. ಕೊನೆಯ ತಿಂಗಳು ಅವನು ನೂರು ಗಂಟೆಗೂ ಮೀರಿ ಹೆಚ್ಚುವರಿ ದುಡಿದಿದ್ದ. ಪಾಳಿ ಮುಗಿದ ಮೇಲೆ "ಸುಧಾರಣೆ"ಯ ಸಭೆಗಳು, ವರದಿಗಳು. ಅವು ಸ್ವಂತ ಇಚ್ಛೆಯವು, ಕೆಲಸವಲ್ಲ ಎಂಬ ವಾದವಿತ್ತು. ಹೆಂಡತಿ ಕೋರ್ಟಿಗೆ ಹೋದಳು. 2007ರಲ್ಲಿ ನಗೋಯಾ ಜಿಲ್ಲಾ ನ್ಯಾಯಾಲಯ ಅದೂ ಕೆಲಸವೇ, ಸಾವಿಗೆ ಅತಿದುಡಿಮೆಯೇ ಕಾರಣ ಎಂದಿತು. ಎಳೆ ತುಂಡಾದರೆ ನಿಲ್ಲುವ ಮಗ್ಗ ಮಾಡಿದವರ ಮನೆಯಲ್ಲಿ ಮನುಷ್ಯನಿಗೆ ಆ ಪಟ್ಟಿ ತೂಗುಬಿಟ್ಟಿರಲಿಲ್ಲ.

ಇನ್ನು ನಮ್ಮ ಕಡೆಗೆ ಬರುತ್ತೇನೆ. ಟೊಯೊಟಾ ಕರ್ನಾಟಕಕ್ಕೆ ಬಂದದ್ದೂ ಮೊದಲು ನೂಲು ಹಿಡಿದೇ. ತೊಂಬತ್ತರ ದಶಕದ ನಡುವಿನಲ್ಲಿ ಸಕಿಚಿಯ ಮಗ್ಗದ ಕಂಪನಿ ಕಿರ್ಲೋಸ್ಕರ್ ಮನೆತನದೊಂದಿಗೆ ಸೇರಿ ಬೆಂಗಳೂರಿನ ಹೊರವಲಯದ ಜಿಗಣಿಯಲ್ಲಿ ನೂಲುವ ಯಂತ್ರಗಳನ್ನು ಮಾಡತೊಡಗಿತು. ಆ ನಂಟೇ ಬೆಳೆದು 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಆಯಿತು, 1999ರ ಡಿಸೆಂಬರ್‌ನಲ್ಲಿ ಬಿಡದಿಯಲ್ಲಿ ಕಾರು ತಯಾರಿಕೆ ಶುರುವಾಯಿತು. ತಟ್ಟೆ ಇಡ್ಲಿಗೆ ಹೆಸರಾದ ಊರು ಕ್ವಾಲಿಸ್‌ಗೂ ಹೆಸರಾಯಿತು.

ಕ್ವಾಲಿಸ್ ಚೆಂದದ ಗಾಡಿಯಲ್ಲ. ಇಂಡೊನೇಷ್ಯಾದಲ್ಲಿ ಓಡುತ್ತಿದ್ದ ಕಿಜಾಂಗ್‌ನ ಹಳೆಯ ಮಾದರಿ ಅದು. ಅಲ್ಲಿಯವರು ಹೊಸದಕ್ಕೆ ದಾಟಿಯಾಗಿತ್ತು. ಮಾವ 2002ರಲ್ಲಿ ಸಾಲ ಮಾಡಿ ಒಂದನ್ನು ತಂದಾಗ ನಮ್ಮ ಮನೆಯವರೆಲ್ಲ, "ಇಷ್ಟು ದುಡ್ಡು ಕೊಟ್ಟು ಬೆಂಕಿಪೊಟ್ಟಣ ತಂದೆಯಲ್ಲೋ" ಎಂದು ನಕ್ಕರು. ಬೆಂಗಳೂರಿನ ಕಾಲ್ ಸೆಂಟರುಗಳಿಗೆ ರಾತ್ರಿಯಿಡೀ ಹುಡುಗ ಹುಡುಗಿಯರನ್ನು ಸಾಗಿಸುವ ಕೆಲಸ. "ಇದಕ್ಕೆ ಚೆಂದ ಬೇಡ ಕಣಮ್ಮ. ಬೆಳಗಿನ ಜಾವ ಮೂರಕ್ಕೆ ಕೀಲಿ ತಿರುಗಿಸಿದರೆ ಎದ್ದರೆ ಸಾಕು" ಎನ್ನುತ್ತಿದ್ದರು ಮಾವ. ಅದು ಎದ್ದಿತು. ಹತ್ತು ವರ್ಷ ಎದ್ದಿತು. ಮಾರುವಾಗ ಐದು ಲಕ್ಷ ಕಿಲೋಮೀಟರು ದಾಟಿತ್ತು, ಕೊಂಡವನು ಚೌಕಾಸಿ ಮಾಡದೆ ದುಡ್ಡು ಎಣಿಸಿದ. ಕಂಪನಿಯೊಂದರ ಹೆಸರು ಎಂದರೆ ಜಾಹೀರಾತಿನ ಮಾತಲ್ಲ, ಆ ಚೌಕಾಸಿ ಮಾಡದ ಮೌನ. 2005ರಲ್ಲಿ ಕ್ವಾಲಿಸ್ ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ನಿಲ್ಲಿಸಿ ಇನ್ನೋವಾ ತಂದರು. ಆಗ ಮಾವ ಬೈದುಕೊಂಡಿದ್ದರು. ಆಮೇಲೆ ಅವರೂ ಇನ್ನೋವಾ ಕೊಂಡರು.

ಬಿಡದಿಯ ಗೇಟಿನ ಒಳಗಿನ ಕತೆ ಇಷ್ಟು ನಯವಾಗಿಲ್ಲ. 2006ರಲ್ಲಿ, 2014ರಲ್ಲಿ, 2020ರಲ್ಲಿ ಅಲ್ಲಿ ಬೀಗಮುದ್ರೆ ಬಿತ್ತು. 2014ರಲ್ಲಿ ಒಳಗೆ ಬರಬೇಕಾದರೆ ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಬೇಕೆಂಬ ಷರತ್ತು ಬಂದಾಗ ಕಾರ್ಮಿಕರು ಗೇಟಿನ ಹೊರಗೇ ಕೂತರು. 2020ರಲ್ಲಿ ಅವರ ದೂರು ಕೆಲಸದ ಹೊರೆಯದು. ಅಶಿಸ್ತು ಎಂಬುದು ಆಡಳಿತದ ಉತ್ತರ. ಎರಡೂ ಕಡೆಯ ಲೆಕ್ಕ ನನ್ನ ಬಳಿ ಇಲ್ಲ. ಸಾಲಿನ ಮೇಲಿನ ಹಗ್ಗ ಎಳೆದವನಿಗೆ ಧನ್ಯವಾದ ಹೇಳುವ ಕಾರ್ಖಾನೆಯಲ್ಲಿ, ಸಾಲು ಓಡುವ ವೇಗವೇ ತಪ್ಪು ಎನ್ನುವವನು ಯಾವ ಹಗ್ಗ ಎಳೆಯಬೇಕು ಎಂಬ ಪ್ರಶ್ನೆ ಮಾತ್ರ ಇದೆ.

ಇತ್ತೀಚಿನ ಎಳೆಗಳು ಬೇಗಬೇಗ ತುಂಡಾಗಿವೆ. 2023ರ ಡಿಸೆಂಬರ್‌ನಲ್ಲಿ ಟೊಯೊಟಾದ ಸಣ್ಣ ಕಾರಿನ ಅಂಗಸಂಸ್ಥೆ ದೈಹತ್ಸು, ಸುರಕ್ಷತಾ ಪರೀಕ್ಷೆಗಳಲ್ಲಿ ವರ್ಷಗಟ್ಟಲೆ ಮೋಸ ನಡೆದಿದ್ದನ್ನು ಒಪ್ಪಿ ಎಲ್ಲ ಕಾರುಗಳ ಸಾಗಣೆ ನಿಲ್ಲಿಸಿತು. 64 ಮಾದರಿಗಳು, ಹಳೆಯ ಪ್ರಕರಣ 1989ರದು. ಮರುತಿಂಗಳು ಸಿಕ್ಕಿಬಿದ್ದದ್ದು ಟೊಯೊಟಾ ಇಂಡಸ್ಟ್ರೀಸ್, ಅಂದರೆ ಸಕಿಚಿ ಕಟ್ಟಿದ ಅದೇ ಮಗ್ಗದ ಕಂಪನಿ. ಡೀಸೆಲ್ ಎಂಜಿನ್ನುಗಳ ಶಕ್ತಿ ಅಳೆಯುವ ಪರೀಕ್ಷೆಯಲ್ಲಿ, ಮಾರುವ ಎಂಜಿನ್ನಿನಲ್ಲಿ ಇರುವುದಕ್ಕಿಂತ ಬೇರೆಯದೇ ತಂತ್ರಾಂಶ ಹಾಕಿ, ಅಂಕಿಗಳು ಏರಿಳಿತವಿಲ್ಲದೆ ನುಣ್ಣಗೆ ಕಾಣುವಂತೆ ಮಾಡಿದ್ದರು. ಎಂಜಿನ್ನಿನಲ್ಲಿ ದೋಷವಿರಲಿಲ್ಲ. ಗೆರೆ ಕಾಣದಂತೆ ಸೀರೆ ಮಡಿಸಿದ ಹಾಗೆ, ಅಷ್ಟೇ. ಆ ಎಂಜಿನ್ ಇದ್ದ ಹತ್ತು ಮಾದರಿಗಳಲ್ಲಿ ನಮ್ಮ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ಸೇರಿದ್ದವು. ಬಿಡದಿಯಿಂದಲೂ ಅವುಗಳ ಸಾಗಣೆ ಕೆಲಕಾಲ ನಿಂತಿತು. ನೂಲುವ ಯಂತ್ರ ಮಾಡುತ್ತಿದ್ದ ಜಿಗಣಿಯ ಆವರಣದಲ್ಲಿ ಈಗ ಅದೇ ಕಂಪನಿಯ ಡೀಸೆಲ್ ಎಂಜಿನ್ನುಗಳೂ ತಯಾರಾಗುತ್ತವೆ ಎಂದು ಆಗ ತಿಳಿದು, ಒಂದು ಸುತ್ತು ಮುಗಿದಂತೆ ಅನ್ನಿಸಿತು.

ಆ ಫೆಬ್ರವರಿಯಲ್ಲಿ ಸಂಬಂಧಿಕರ ಮದುವೆಗೆಂದು ಬಾಡಿಗೆ ಕ್ರಿಸ್ಟಾದಲ್ಲಿ ಹಾಸನಕ್ಕೆ ಹೊರಟಿದ್ದೆವು. ಮಾವನಿಗೆ ಈಗ ಎಪ್ಪತ್ತು. ಮುಂದಿನ ಸೀಟು ಅವರಿಗೇ ಮೀಸಲು. ನಾನು ಹಿಂದಿನಿಂದ ಪತ್ರಿಕೆಯ ಸುದ್ದಿಯನ್ನೆಲ್ಲ ಹೇಳಿದೆ. ಚಾಲಕ ಕೇಳಿಸಿಕೊಂಡು, "ಇರಬಹುದು ಮೇಡಂ. ಇದು ಮೂರು ಲಕ್ಷದ ಎಂಬತ್ತು ಸಾವಿರ ಆಗಿದೆ" ಎಂದು ಮೀಟರಿನ ಕಡೆ ಗದ್ದ ತೋರಿಸಿದ. ಮಾವ ತಲೆದೂಗಿದರು. ಇಬ್ಬರಿಗೂ ಚರ್ಚೆ ಅಲ್ಲಿಗೆ ಮುಗಿದಿತ್ತು.

ಕುಣಿಗಲ್ ದಾಟಿದ ಮೇಲೆ ಎಲ್ಲರೂ ತೂಕಡಿಸುತ್ತಿದ್ದರು. ಇದ್ದಕ್ಕಿದ್ದಂತೆ ಮಾವ ಕೈಯೆತ್ತಿ, "ತಮ್ಮಾ, ಪಕ್ಕಕ್ಕೆ ಹಾಕು. ಏನೋ ಸದ್ದು" ಎಂದರು. ನನಗೆ ಏನೂ ಕೇಳಿಸಿರಲಿಲ್ಲ. ಚಾಲಕನಿಗೂ ಕೇಳಿಸಿರಲಿಲ್ಲ ಎಂದು ಅವನ ಮುಖ ಹೇಳುತ್ತಿತ್ತು, ಆದರೂ ಅವನು ಒಂದು ಮಾತೂ ಆಡದೆ ಸಿಗ್ನಲ್ ಹಾಕಿ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಇಳಿದು ಬಾನೆಟ್ ಎತ್ತಿ ನೋಡಿದ, ಬಗ್ಗಿ ಚಕ್ರಗಳನ್ನು ನೋಡಿದ. ಆಮೇಲೆ ಮೇಲೆ ನೋಡಿ ನಕ್ಕ. ಕ್ಯಾರಿಯರ್ ಮೇಲೆ ಕಟ್ಟಿದ್ದ ಹಗ್ಗದ ತುದಿ ಬಿಚ್ಚಿಕೊಂಡು ಗಾಳಿಗೆ ಹಿಂದಿನ ಗಾಜಿಗೆ ಬಡಿಯುತ್ತಿತ್ತು. ಎರಡು ಸುತ್ತು ಹಾಕಿ ಗಂಟು ಬಿಗಿದು ಕೈ ಒರೆಸಿಕೊಂಡು ಬಂದು ಕೂತ.

"ಇನ್ನು ಹೊರಡೋಣವೇ ಯಜಮಾನರೇ?" ಎಂದು ಕೇಳಿದ.

ಮಾವ ಇನ್ನೊಂದು ನಿಮಿಷ ಕಿವಿಗೊಟ್ಟು ಕೂತಿದ್ದು, ಆಮೇಲೆ ಹೂಂ ಎಂದರು.